ಕಾರ್ಡ್ ಹಾಕಿದೆ, ಪರದೆ ಕಪ್ಪಾಯಿತು: ಹಳೇ ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ದೋಷ ಹುಡುಕುವ ಕ್ರಮ

"ಮಾಮ, ಕಾರ್ಡ್ ಡೆಡ್." ರಾತ್ರಿ ಹತ್ತಕ್ಕೆ ಅಕ್ಕನ ಮಗ ಫೋನ್ ಮಾಡಿ ಹೇಳಿದ್ದು ಇಷ್ಟೇ.

ಕಾರ್ಡ್ ಸತ್ತಿರಲಿಲ್ಲ. ಆ ಒಂದು ಕಂಪ್ಯೂಟರಿನಲ್ಲಿ ನಾಲ್ಕು ತೊಂದರೆಗಳು ಒಂದರ ಬೆನ್ನಿಗೊಂದು ಕೂತಿದ್ದವು. ಒಂದನ್ನು ಸರಿ ಮಾಡಿದರೆ ಅದರ ಹಿಂದಿನದು ತಲೆ ಎತ್ತುತ್ತಿತ್ತು. ಕೊನೆಯದಂತೂ ಕಂಪ್ಯೂಟರಿನ ಒಳಗೇ ಇರಲಿಲ್ಲ.

ಮೊದಲು ಆ ಕಂಪ್ಯೂಟರಿನ ಜಾತಕ ಹೇಳಿಬಿಡುತ್ತೇನೆ, ಇಂಥವು ನಮ್ಮ ಕಡೆ ಮನೆಮನೆಯಲ್ಲಿವೆ. ಯಾವುದೋ ಆಫೀಸಿನಿಂದ ಹೊರಬಿದ್ದ ಟವರ್. ಒಳಗೆ 2012ರ ಕೋರ್ ಐ5-3470, 8 ಜಿಬಿಯ ಒಂದೇ ಡಿಡಿಆರ್3 ರ್ಯಾಮ್ ಕಡ್ಡಿ, 275 ವ್ಯಾಟಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ). ಹುಡುಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತಂದಿದ್ದ. ಮಾನಿಟರ್ ಮಾತ್ರ ಹಳೇದೇ, ನೀಲಿ ತಲೆಯ ವಿಜಿಎ ವೈರಿನದು. ಮನೆ ಮಲೆನಾಡಿನಲ್ಲಿ. ಕಾಲ ಆಷಾಢ.

ಮೊದಲು ಕಾರ್ಡ್ ತೆಗೆಯಿರಿ

ಎಲ್ಲರೂ ಮಾಡುವ ತಪ್ಪು ಒಂದೇ. ಪರದೆ ಬರಲಿಲ್ಲ ಅಂದ ತಕ್ಷಣ ಡ್ರೈವರ್ (ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ), ಬಯಾಸ್ (ಆನ್ ಮಾಡಿದಾಗ ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನ ತಂತ್ರಾಂಶ), ಎಸ್‌ಎಂಪಿಎಸ್ ಅಂತ ಎಲ್ಲಕ್ಕೂ ಒಟ್ಟಿಗೆ ಕೈ ಹಾಕುತ್ತಾರೆ. ಆಮೇಲೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಅನ್ನುವುದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ವೈರ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ, ಕಾರ್ಡ್ ಹೊರಗೆ ತೆಗೆಯಿರಿ. ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ ಆನ್ ಮಾಡಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಪರದೆ ಬರಬೇಕು. ಬಂತೋ, ಕಂಪ್ಯೂಟರ್ ನೆಟ್ಟಗಿದೆ, ಹುಡುಕಾಟ ಕಾರ್ಡಿನ ಸುತ್ತಮುತ್ತ ಮಾತ್ರ. ಬರಲಿಲ್ಲವೋ, ಕಾರ್ಡ್ ಕೂರಿಸುವಾಗ ಬೇರೇನೋ ಅಲುಗಾಡಿದೆ. ಹೆಚ್ಚಿನ ಸಲ ಅದು ರ್ಯಾಮ್. ತೆಗೆದು, 'ಟಕ್' ಅನ್ನುವ ಹಾಗೆ ಮತ್ತೆ ಒತ್ತಿ ಕೂರಿಸಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಾದರೆ ಮುಂದೆ ಹೋಗಬೇಡಿ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಶೋಕಿಗೆ ಇರುವುದು ಮಾಮೂಲು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಆ ಜುಮ್ಮಿನಲ್ಲೇ ಎಚ್‌ಡಿಎಂಐ ಚುಚ್ಚಿದರೆ ಪೋರ್ಟು ಸುಟ್ಟು ಹೋಗಬಹುದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಹುಡುಗನ ಮನೆಯಲ್ಲಿ ಕಾರ್ಡ್ ತೆಗೆದಾಗ ಪರದೆ ಬಂತು. ಹಾಕಿದರೆ ಕಪ್ಪು. ಕಾರಣ ಹುಡುಕಲು ಕ್ಯಾಬಿನೆಟ್ಟಿನ ಹಿಂಭಾಗ ನೋಡಿದರೆ ಸಾಕಾಯಿತು. ವಿಜಿಎ ವೈರ್ ಇನ್ನೂ ಮದರ್‌ಬೋರ್ಡಿಗೇ ಇತ್ತು! ಬೇರೆ ಕಾರ್ಡ್ ಕಂಡರೆ ಆ ಬೋರ್ಡ್ ತನ್ನ ಗ್ರಾಫಿಕ್ಸನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಹಾಗಾಗಿ ಪರದೆ ಕಪ್ಪಾಗಿದ್ದು ದೋಷ ಅಲ್ಲ, ಬೋರ್ಡಿಗೆ ಕಾರ್ಡ್ ಕಾಣಿಸುತ್ತಿದೆ ಅನ್ನುವ ಒಳ್ಳೇ ಸುದ್ದಿ.

ಅವನಿಗೂ ಅದು ಹೊಳೆದಿತ್ತಂತೆ. ಆದರೆ ಕಾರ್ಡಿನಲ್ಲಿ ವಿಜಿಎ ಪೋರ್ಟೇ ಇಲ್ಲ. ಮನೆಯಲ್ಲಿ ಬಿದ್ದಿದ್ದ ಬಿಳೀ ಡಿವಿಐ-ವಿಜಿಎ ತಲೆಯನ್ನು ತುರುಕಲು ನೋಡಿದ್ದ, ಹೋಗಲಿಲ್ಲ ಅಂತ ಬಿಟ್ಟಿದ್ದ. ಪುಣ್ಯಕ್ಕೆ ಬಿಟ್ಟ. ಆ ತಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ತುದಿಯಲ್ಲಿ ಚಪ್ಪಟೆ ತಗಡಿನಂಥ ಪಿನ್ ಇದೆ. ಅದರ ಸುತ್ತ ನಾಲ್ಕು ಪುಟ್ಟ ಪಿನ್‌ಗಳಿವೆ. ಹಳೇ ಅನಲಾಗ್ ಸಿಗ್ನಲ್ ಬರುವುದು ಆ ನಾಲ್ಕರಲ್ಲೇ. ಈಗ ಕಾರ್ಡಿನ ಡಿವಿಐ ಪೋರ್ಟ್ ನೋಡಿ. ಚಪ್ಪಟೆ ಸೀಳು ಇದೆ, ಸುತ್ತ ನಾಲ್ಕು ತೂತು ಇಲ್ಲ. ಅದು ಡಿವಿಐ-ಡಿ, ಬರೀ ಡಿಜಿಟಲ್. ಎನ್ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಿಂದ ಅನಲಾಗ್ ಸಿಗ್ನಲ್ಲನ್ನೇ ಕೈಬಿಟ್ಟಿದೆ. ಬಲವಂತ ಮಾಡಿದರೆ ಪಿನ್ ಬಗ್ಗುತ್ತದೆ ಅಷ್ಟೇ, ಚಿತ್ರ ಬರುವುದಿಲ್ಲ.

ಹಳೇ ಮಾನಿಟರನ್ನೇ ಇಟ್ಟುಕೊಳ್ಳಬೇಕಾದರೆ ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಬೇಕು. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ವಿಜಿಎ ಇರುವ ಬರೀ ವೈರ್ ಮಾರುವವರೂ ಇದ್ದಾರೆ, ಅದು ನಡೆಯುವುದಿಲ್ಲ. ಡಿಜಿಟಲ್ ಸಿಗ್ನಲ್ ತಾಮ್ರದ ತಂತಿಯಲ್ಲಿ ಹರಿದು ಬಂದ ಮಾತ್ರಕ್ಕೆ ಅನಲಾಗ್ ಆಗಲ್ಲ, ಅಲ್ವಾ?

ಇದೇ ನೆಪದಲ್ಲಿ ಇನ್ನೊಂದು ಮಾತು. ಯಾರಾದರೂ ನಿಮಗೆ ವಿಜಿಎ ಪೋರ್ಟ್ ಇರುವ ಅಗ್ಗದ 'ಜಿಟಿಎಕ್ಸ್ 1050 ಟಿಐ' ತೋರಿಸಿದರೆ ಅನುಮಾನಪಡಿ. ಹಳೇ ಜಿಟಿಎಕ್ಸ್ 550 ಟಿಐಯಂಥ ಕಾರ್ಡಿಗೆ ಬೇರೆ ಬಯಾಸ್ ತುಂಬಿ ಹೊಸ ಹೆಸರಲ್ಲಿ ಮಾರುವ ದಂಧೆ ಬಹಳ ಕಾಲದಿಂದ ಇದೆ. ಜಿಪಿಯು-ಜೆಡ್ ಅನ್ನುವ ಪುಕ್ಕಟೆ ತಂತ್ರಾಂಶ ಇಂಥವನ್ನು ಹಿಡಿದು ಹೆಸರಿನ ಮುಂದೆ 'ಫೇಕ್' ಅಂತ ಹಾಕುತ್ತದೆ. ಅಂಗಡಿಯಲ್ಲೇ ಹಾಕಿ ತೋರಿಸಿ ಅನ್ನಿ. ನಾಚಿಕೆ ಬೇಡ.

ವೈರ್ ಸರಿ ಇದ್ದೂ ಪರದೆ ಕಪ್ಪು ಅಂದರೆ ಬೀಪ್ ಕೇಳಿಸಿಕೊಳ್ಳಿ. ಅವಾರ್ಡ್ ಬಯಾಸಿನ ಬೋರ್ಡ್‌ಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ತೊಂದರೆ. ಎಎಂಐ ಬಯಾಸಿನಲ್ಲಿ ಎಂಟು ಗಿಡ್ಡ ಬೀಪ್. ಕಂಪನಿ ಟವರ್‌ಗಳಿಗೆ ಅವರವರದೇ ಸಂಕೇತ, ಮಾಡೆಲ್ ಹೆಸರು ಹಾಕಿ ಹುಡುಕಿ. ಬೀಪೂ ಇಲ್ಲ, ಪರದೆಯೂ ಇಲ್ಲ ಅಂದರೆ ಬಯಾಸ್ ನೋಡಬೇಕು. ಕಾರ್ಡ್ ತೆಗೆದು, ಮದರ್‌ಬೋರ್ಡಿನ ಪರದೆಯಲ್ಲಿ ಬಯಾಸಿಗೆ ಹೋಗಿ. ಮೊದಲ ಡಿಸ್‌ಪ್ಲೇ ಯಾವುದು ಅನ್ನುವ ಆಯ್ಕೆ 'ಐಜಿಎಫ್ಎಕ್ಸ್' (ಪ್ರೊಸೆಸರಿನ ಗ್ರಾಫಿಕ್ಸ್) ಅಂತ ಇದ್ದರೆ 'ಪಿಇಜಿ' (ಬೇರೆ ಹಾಕಿದ ಕಾರ್ಡ್) ಅಥವಾ 'ಆಟೋ' ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡಿ, ಸಿಎಸ್ಎಂ (ಹಳೇ ಬಯಾಸ್ ಪದ್ಧತಿಗೆ ಹೊಂದಿಕೊಳ್ಳುವ) ಆಯ್ಕೆಯನ್ನು ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ನೋಡಿ. ಯುಇಎಫ್ಐ ಅನ್ನುವ ಹೊಸ ಥರದ ಬಯಾಸ್ ಬರುವ ಮುಂಚಿನ, 2010ರ ಆಸುಪಾಸಿನ ಬೋರ್ಡ್‌ಗಳಿಗೂ ಇವತ್ತಿನ ಕಾರ್ಡ್‌ಗಳಿಗೂ ಕೆಲವೊಮ್ಮೆ ಭಾಷೆಯೇ ಕೂಡಿಬರುವುದಿಲ್ಲ. ಬಯಾಸ್ ಅಪ್‌ಡೇಟ್ ಇದ್ದರೆ ಹಾಕಿ, ಆದರೆ ಹಾಕುವಾಗ ಕರೆಂಟ್ ಹೋಗಬಾರದು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬಯಾಸ್ ಅಪ್‌ಡೇಟ್ ಮಾಡಿ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ.

ಎಸ್‌ಎಂಪಿಎಸ್ ಲೇಬಲ್ ಓದುವುದು

ಡಬ್ಬದ ಮೇಲೆ ದೊಡ್ಡದಾಗಿ ಬರೆದ 450, 500 ನಂಬಬೇಡಿ. ಕ್ಯಾಬಿನೆಟ್ ಬಿಚ್ಚಿ, ಟಾರ್ಚ್ ಹಿಡಿದು, ಲೇಬಲ್ಲಿನ 12 ವೋಲ್ಟ್ ಸಾಲು ಹುಡುಕಿ. ಅಲ್ಲಿ 16 ಆಂಪ್ ಅಂತಿದ್ದರೆ 12 × 16 = 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದಲೇ. ಐ5-3470ಕ್ಕೆ 77 ವ್ಯಾಟ್, ಜಿಟಿಎಕ್ಸ್ 1650ಕ್ಕೆ 75, ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ ಇನ್ನೊಂದು 30-40. ಆ 192ಕ್ಕೆ ಇದು ಕುತ್ತಿಗೆವರೆಗೆ ಬಂದ ಹಾಗೆ. 275 ವ್ಯಾಟಿನ ನಿಜವಾದ ಕಂಪನಿ ಎಸ್‌ಎಂಪಿಎಸ್ ಇದನ್ನು ಎಳೆಯುತ್ತದೆ. ಹೆಸರಿಲ್ಲದ 'ಐನೂರು ವ್ಯಾಟ್' ಎಳೆಯುತ್ತದೆ ಅಂತ ಹೇಳುವುದು ಕಷ್ಟ.

ಲೆಕ್ಕ ಹೀಗಿದೆ: ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಉದ್ದ ಸ್ಲಾಟ್ ಕೊಡುವುದು 75 ವ್ಯಾಟ್. 6 ಪಿನ್ ವೈರ್ ಇನ್ನೊಂದು 75, 8 ಪಿನ್ ಆದರೆ 150. ಹೆಚ್ಚಿನ ಜಿಟಿಎಕ್ಸ್ 1650ಗಳಿಗೆ ಬೇರೆ ವೈರ್ ಬೇಡ, ಕೆಲವಕ್ಕೆ 6 ಪಿನ್ ಬೇಕು. ತರುವ ಮುಂಚೆ ಕಾರ್ಡಿನ ಮೇಲಂಚು ನೋಡಿ. ವೈರ್ ಬೇಕಾದ ಕಾರ್ಡಿಗೆ ವೈರ್ ಹಾಕದೆ ಆನ್ ಮಾಡಿದರೆ ಫ್ಯಾನ್ ಜೋರಾಗಿ ಕೂಗಬಹುದು, ಅಥವಾ ಪವರ್ ವೈರ್ ಹಾಕು ಅಂತ ಪರದೆ ಮೇಲೇ ಬರಬಹುದು.

ಎಸ್‌ಎಂಪಿಎಸ್‌ನಲ್ಲಿ 6 ಪಿನ್ ಇಲ್ಲದಿದ್ದರೆ ಅಂಗಡಿಯವರು ಸಾಟಾದಿಂದ (ಡಿಸ್ಕಿಗೆ ಕರೆಂಟ್ ಕೊಡುವ ತಲೆಯಿಂದ) 6 ಪಿನ್ ಮಾಡುವ ವೈರ್ ಕೊಡುತ್ತಾರೆ. ದಯವಿಟ್ಟು ಬೇಡ. ಸಾಟಾ ಪವರ್ ತಲೆಯಲ್ಲಿ 12 ವೋಲ್ಟಿಗೆ ಇರುವುದು ಮೂರು ತೆಳು ಪಿನ್, ಒಂದೊಂದಕ್ಕೆ 1.5 ಆಂಪ್. ಒಟ್ಟು 54 ವ್ಯಾಟ್. ಅದರಿಂದ 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಕರಗಿದ ವಾಸನೆ ನಾನು ನೋಡಿದ್ದೇನೆ, ಹಲ್ಲಿ ಸುಟ್ಟ ಹಾಗಿರುತ್ತದೆ. ಇನ್ನು ಪ್ರೊಸೆಸರಿಗೆ ಹೋಗುವ 8 ಪಿನ್ನನ್ನು ಕಾರ್ಡಿಗೆ ತಿರುಚಿ ಹಾಕುವ ಸಾಹಸ ಬೇಡವೇ ಬೇಡ. ಪ್ರೊಸೆಸರ್ ವೈರಿನಲ್ಲಿ ನಾಲ್ಕು ಹಳದಿ, ನಾಲ್ಕು ಕಪ್ಪು. ಕಾರ್ಡಿನ ವೈರಿನಲ್ಲಿ ಮೂರು ಹಳದಿ, ಐದು ಕಪ್ಪು. ಜಾಗ ತಪ್ಪಿದರೆ ನೇರ ಶಾರ್ಟ್.

ಮಲ್ಟಿಮೀಟರ್ ಇದ್ದರೆ ಕಪ್ಪು ಕಡ್ಡಿಯನ್ನು ಯಾವುದಾದರೂ ನಾಲ್ಕು ಪಿನ್ ಮೋಲೆಕ್ಸ್ ತಲೆಯ ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ಹಳದಿಗೆ ಇಟ್ಟು, ಆಟ ಓಡುವಾಗ ನೋಡಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಹುಡುಗನ ಎಸ್‌ಎಂಪಿಎಸ್ ಆಟದ ಮಧ್ಯೆಯೂ 12.05ರಲ್ಲಿ ನಿಂತಿತ್ತು. ಹಾಗಾಗಿ ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಡ್ರೈವರ್ ಇಳಿಯುತ್ತಿಲ್ಲ, ಅದು 2012ನೇ ಇಸವಿ

ಕನ್ವರ್ಟರ್ ಬಂತು, ಪರದೆ ಬಂತು. ಆದರೆ ಅಕ್ಷರಗಳೆಲ್ಲ ಕುಂಬಳಕಾಯಿ ಗಾತ್ರ. ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ಅಂದರೆ ಡ್ರೈವರ್ ಇಲ್ಲ. ಸರಿ, ಇಳಿಸಿಕೋ ಅಂದೆ. ಬ್ರೌಸರ್ ತೆರೆದರೆ ಯಾವ ಸೈಟೂ ಸುರಕ್ಷಿತ ಅಲ್ಲ ಅಂತ ಕೆಂಪು ಪುಟ. ವಿಂಡೋಸ್ ಅಪ್‌ಡೇಟೂ ಮುಷ್ಕರ. ಹುಡುಗ ವೈರಸ್ ಅಂತ ತೀರ್ಮಾನಿಸಿದ.

ಕೆಳಗೆ ಬಲಮೂಲೆಯಲ್ಲಿ ತಾರೀಖು ನೋಡಿದೆ. 2012, ಜನವರಿ 1.

ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಸಿಆರ್2032 ಬ್ಯಾಟರಿ ಇರುತ್ತದೆ, 3 ವೋಲ್ಟಿನದು. ಗಡಿಯಾರ, ಬಯಾಸ್ ಆಯ್ಕೆಗಳನ್ನು ಕಾಯುವುದು ಅದೇ. ಹತ್ತು ವರ್ಷದ ಕಂಪ್ಯೂಟರಿನಲ್ಲಿ ಅದು ಸತ್ತಿರುವುದೇ ಜಾಸ್ತಿ. ದಿನಾ ವೈರಿನಲ್ಲಿದ್ದಾಗ ಗೊತ್ತಾಗುವುದಿಲ್ಲ. ಕಾರ್ಡ್ ಹಾಕಲು ವೈರ್ ಕಿತ್ತಿರಿ ನೋಡಿ, ಅಲ್ಲಿಗೆ ಎಲ್ಲ ಮರೆತುಹೋಗುತ್ತದೆ. ಸೈಟುಗಳ ಭದ್ರತಾ ಪ್ರಮಾಣಪತ್ರಗಳಿಗೆಲ್ಲ ತಾರೀಖಿನ ಗಡಿ ಇರುತ್ತದೆ. ಗಡಿಯಾರ 2012 ಅಂದರೆ ಅವು ಇನ್ನೂ ಹುಟ್ಟೇ ಇಲ್ಲ! ಬ್ರೌಸರ್ ಪಾಪ ಒಪ್ಪುವುದು ಹೇಗೆ? ಇದರ ಜೊತೆ ನೀವು ಬಯಾಸಿನಲ್ಲಿ ಬದಲಿಸಿದ್ದೂ ಪ್ರತಿ ಸಲ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ. 'ನಿನ್ನೆ ಬಂದಿತ್ತು, ಇವತ್ತು ಪರದೆ ಬರುತ್ತಿಲ್ಲ' ಅನ್ನುವವರಿಗೆ ನಾನು ಮೊದಲು ಕೇಳುವುದೇ ಈ ಬ್ಯಾಟರಿ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಬದಲಿಸಿ, ತಾರೀಖು ಸರಿ ಮಾಡಿದೆವು, ಡ್ರೈವರ್ ಸುಮ್ನೆ ಇಳಿಯಿತು.

ಮೊದಲೇ ಬೇರೆ ಕಾರ್ಡ್ ಇದ್ದ ಕಂಪ್ಯೂಟರಾದರೆ, ಅದರಲ್ಲೂ ಎಎಂಡಿಯಿಂದ ಎನ್ವಿಡಿಯಾಕ್ಕೋ ತಿರುಗಾಮುರುಗಾವೋ ಬದಲಿಸಿದ್ದರೆ, ಹಳೇ ಡ್ರೈವರನ್ನು ಡಿಡಿಯು ಅನ್ನುವ ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಗುಡಿಸಿಹಾಕಿ. ಇಂಟರ್‌ನೆಟ್ ವೈರ್ ಕಿತ್ತಿಟ್ಟೇ ಮಾಡಿ, ಇಲ್ಲದಿದ್ದರೆ ನಡುವೆ ವಿಂಡೋಸ್ ತನಗೆ ತೋಚಿದ್ದನ್ನು ಹಾಕಿಬಿಡುತ್ತದೆ. ಎಲ್ಲ ಆದ ಮೇಲೂ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಮೇಲೆ ಕೋಡ್ 43 ಅನ್ನುವ ದೋಷ ಬಂದರೆ ಆ ಕಾರ್ಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲೂ ಅದೇ ಆದರೆ ಆಗ ಅಂಗಡಿಗೆ ವಾಪಸ್ ಹೋಗಬಹುದು.

ಓಡುತ್ತದೆ, ಆದರೆ ಕುಂಟುತ್ತದೆ

ಮೂರನೇ ದಿನದ ದೂರು: ಆಟ ಓಡುತ್ತದೆ, ಆದರೆ ನಡುನಡುವೆ ಮುಗ್ಗರಿಸುತ್ತದೆ.

ಜಿಪಿಯು-ಜೆಡ್ ತೆರೆದು 'ಬಸ್ ಇಂಟರ್‌ಫೇಸ್' ಅನ್ನುವ ಸಾಲು ನೋಡಿ. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಅದನ್ನು ಒತ್ತಿ ಸಣ್ಣ ಪರೀಕ್ಷೆ ಓಡಿಸಿ. ಸುಮ್ಮನೆ ಕೂತಾಗ ಕಾರ್ಡ್ ವಿದ್ಯುತ್ ಉಳಿಸಲು ವೇಗ ಇಳಿಸಿಕೊಂಡಿರುತ್ತದೆ, ಹಾಗಾಗಿ ಓಡುವಾಗ ತೋರಿಸಿದ್ದೇ ನಿಜ. ಇಲ್ಲಿ 16 ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ) ಬರಬೇಕಾದಲ್ಲಿ 4 ಬರುತ್ತಿತ್ತು. ಹದಿನಾರು ಸಾಲಿನ ಹೆದ್ದಾರಿಯಲ್ಲಿ ನಾಲ್ಕು ಸಾಲು ಮಾತ್ರ ತೆರೆದ ಹಾಗೆ.

ಕಾರ್ಡ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಕಿಟಕಿ ಬೆಳಕಿಗೆ ಹಿಡಿದೆ. ಮುಂದಿನ ಕೆಲವು ಪಟ್ಟಿಗಳು ಹೊಳೆಯುತ್ತಿದ್ದವು. ಹಿಂದಿನವುಗಳ ಮೇಲೆ ಮಂಜು ಕಟ್ಟಿದ ಹಾಗೆ ಮಸುಕು, ಯಾರದ್ದೋ ಹೆಬ್ಬೆಟ್ಟಿನ ಗುರುತು ಬೇರೆ. ಮಲೆನಾಡಿನ ಆಷಾಢದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವಾಗ ಇದೇನು ಮಹಾ. ಬಿಳೀ ಪೆನ್ಸಿಲ್ ರಬ್ಬರಿನಿಂದ ಅಂಚಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ, ಪುಡಿ ಊದಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿದೆ. ಸ್ಲಾಟಿನ ಒಳಗೆ ಮಾತ್ರ ರಬ್ಬರ್ ಬೇಡ, ಪುಡಿ ಅಲ್ಲೇ ಉಳಿಯುತ್ತದೆ. ಅಲ್ಲಿಗೆ ಒಣ ಬ್ರಷ್ ಸಾಕು. ಮತ್ತೆ ಕೂರಿಸುವಾಗ ಸ್ಲಾಟಿನ ಕೊನೆಯ ಕೊಕ್ಕೆ ಸಿಕ್ಕಿಕೊಳ್ಳುವವರೆಗೆ ಒತ್ತಿ, ಆಮೇಲೆ ತಿರುಪು ಬಿಗಿ ಮಾಡಿ. ಕೆಲವು ಕ್ಯಾಬಿನೆಟ್‌ಗಳಲ್ಲಿ ತಿರುಪು ಬಿಗಿಯುವಾಗಲೇ ಕಾರ್ಡಿನ ಬಾಲ ಕೂದಲೆಳೆಯಷ್ಟು ಮೇಲೇಳುತ್ತದೆ. ಈ ಸಲ 16 ತೋರಿಸಿತು.

ಎಲ್ಲ ಕಾರ್ಡಿಗೂ 16 ಬರಬೇಕು ಅಂತಿಲ್ಲ. ಜಿಟಿ 1030, ಆರ್‌ಎಕ್ಸ್ 6400, ಆರ್‌ಎಕ್ಸ್ 6500 ಎಕ್ಸ್‌ಟಿ ಇವೆಲ್ಲ ಹುಟ್ಟಾ 4 ಲೇನಿನವು. ಕೊನೆಯ ಎರಡನ್ನು ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿಗೆ ಅಂತ ಮಾಡಿದ್ದು. 2011ರ ಎರಡನೇ ಪೀಳಿಗೆಯ ಕೋರ್ ಪ್ರೊಸೆಸರಿನಲ್ಲಿ ಸಿಗುವುದು 2.0 ಮಾತ್ರ. ಅಲ್ಲಿ 4 ಲೇನ್ ಅಂದರೆ ಸೆಕೆಂಡಿಗೆ 2 ಜಿಬಿ, ಅದು ಹುಣಸೆಹಣ್ಣು ಸ್ಟ್ರಾದಲ್ಲಿ ಹೀರಿದ ಹಾಗೆ. ಇಂಟೆಲ್ ಆರ್ಕ್ ಕಾರ್ಡ್‌ಗಳನ್ನೂ ಇಂಥ ಕಂಪ್ಯೂಟರಿಗೆ ತರಬೇಡಿ. ಅವಕ್ಕೆ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಬೇಕು, ಹಳೇ ಬೋರ್ಡಿನಲ್ಲಿ ಇರುವುದಿಲ್ಲ.

ಲೇನ್ ಸರಿಯಾದ ಮೇಲೂ ಸ್ವಲ್ಪ ಮುಗ್ಗರಿಕೆ ಉಳಿಯಿತು. ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು, ಕಾರ್ಡ್ ಅರ್ಧ ನಿದ್ದೆಯಲ್ಲಿ. ಇದು ದೋಷ ಅಲ್ಲ, ವಯಸ್ಸು. ಇನ್ನೊಂದು 8 ಜಿಬಿ ರ್ಯಾಮ್ ಹಾಕಿ ಎರಡು ಚಾನೆಲ್ ಮಾಡಿದರೆ ಉಸಿರು ಬರುತ್ತದೆ, ಹಾಕಿದೆವು. ಅದಕ್ಕಿಂತ ಜಾಸ್ತಿ ಆ ಮುದುಕನಿಂದ ಕೇಳುವುದು ತಪ್ಪು.

ಆಟದ ಮಧ್ಯೆ ಫಟ್ ಅಂತ ಆಫ್

ಇದೇ ನನ್ನನ್ನು ಹೆಚ್ಚು ಓಡಾಡಿಸಿದ್ದು. ವಾರ ಬಿಟ್ಟು ಫೋನ್: "ಮಾಮ, ಆಡ್ತಾ ಆಡ್ತಾ ಆಫ್ ಆಗತ್ತೆ."

ಎರಡು ಥರದ ಸಾವುಗಳಿವೆ, ಮೊದಲು ಅವನ್ನು ಬೇರೆ ಮಾಡಿ. ಪರದೆ ಒಂದು ಕ್ಷಣ ಕಪ್ಪಾಗಿ, ಡೆಸ್ಕ್‌ಟಾಪ್ ವಾಪಸ್ ಬಂದು, ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿಕೊಂಡಿತು ಅಂತ ವಿಂಡೋಸಿನ ದಿನಚರಿ ಪುಸ್ತಕದಂಥ ಈವೆಂಟ್ ವ್ಯೂವರಿನಲ್ಲಿ 4101 ಬಂದಿದ್ದರೆ ಡ್ರೈವರ್, ಬಿಸಿ ಅಥವಾ ಕಾರ್ಡ್. ಸೆಕೆಂಡ್ ಹ್ಯಾಂಡ್ ಕಾರ್ಡಿನ ಧೂಳು ತೆಗೆದು, ಚಿಪ್ಪಿನ ಬಿಸಿ ಸಾಗಿಸುವ ಪೇಸ್ಟ್ ಬದಲಿಸಿ ನೋಡಿ. ಹಾಗಲ್ಲದೆ ಎಲ್ಲ ಒಟ್ಟಿಗೆ, ಸ್ವಿಚ್ ಆರಿಸಿದ ಹಾಗೆ ಹೋಗಿ, ಮತ್ತೆ ಆನ್ ಮಾಡಿದಾಗ ಕರ್ನಲ್-ಪವರ್ 41 ಮಾತ್ರ ಇದ್ದರೆ ವಿದ್ಯುತ್ತು. ಇವನದು ಎರಡನೇದು.

ಎಲ್ಲರೂ ಎಸ್‌ಎಂಪಿಎಸ್ ಬದಲಿಸು ಅಂದರಂತೆ. ಆದರೆ 12.05 ತೋರಿಸಿದ್ದು ನನ್ನ ಚೀಟಿಯಲ್ಲಿತ್ತು. ಫರ್‌ಮಾರ್ಕ್ ಅನ್ನುವ ಪರೀಕ್ಷಾ ತಂತ್ರಾಂಶ ಹಾಕಿ ಮಧ್ಯಾಹ್ನ ಅರ್ಧ ಗಂಟೆ ಕಾರ್ಡನ್ನು ದುಡಿಸಿದೆ. ಅಲುಗಲಿಲ್ಲ. ಈವೆಂಟ್ ವ್ಯೂವರಿನಲ್ಲಿದ್ದ ಎಲ್ಲ 41ಗಳ ಸಮಯ ಬರೆದುಕೊಂಡೆ. ಸಂಜೆ 6:50, 7:25, 7:40, 8:05. ಒಂದೂ ಬೆಳಗ್ಗೆಯದಲ್ಲ. ಎಸ್‌ಎಂಪಿಎಸ್‌ಗೆ ಗಂಟೆ ಗೊತ್ತಾಗುತ್ತದಾ?

ಸಂಜೆ ಕೂತು ಕಾದೆ. ಏಳೂವರೆಗೆ ಟ್ಯೂಬ್‌ಲೈಟ್ ಒಂದು ಸಲ ಮಿಣುಕಿತು. ಮೇಜಿನ ಕೆಳಗೆ ಯುಪಿಎಸ್ 'ಟಿಕ್' ಅಂದಿತು. ಕಂಪ್ಯೂಟರ್ ಸತ್ತಿತು.

ಅದು 600 ವಿಎ ಯುಪಿಎಸ್, ಅಂದರೆ ಸುಮಾರು 360 ವ್ಯಾಟ್. ಒಳಗೆ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ. ವೋಲ್ಟೇಜ್ ಬಿದ್ದಾಗ ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ. ಕಾರ್ಡ್ ಇಲ್ಲದಾಗ ಇಡೀ ಕಂಪ್ಯೂಟರ್ ಎಳೆಯುತ್ತಿದ್ದದ್ದು ಅರವತ್ತು ಎಪ್ಪತ್ತು ವ್ಯಾಟ್, ಮುದಿ ಬ್ಯಾಟರಿ ಒಂದೆರಡು ಕ್ಷಣ ಹೇಗೋ ತಳ್ಳುತ್ತಿತ್ತು. ಈಗ ಆಟದ ಮಧ್ಯೆ ಮಾನಿಟರೂ ಸೇರಿ ಇನ್ನೂರು ದಾಟುತ್ತದೆ. ಆ ಹೊರೆ ಬಿದ್ದ ಕೂಡಲೇ ಬ್ಯಾಟರಿ ಮಂಡಿ ಊರುತ್ತದೆ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಹೊಸ ಕಾರ್ಡ್ ಬಂದು ಅದನ್ನು ಬಯಲು ಮಾಡಿತು ಅಷ್ಟೇ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಯುಪಿಎಸ್ ಬಿಟ್ಟು, ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ಒಂದು ಸಂಜೆ ಆಡಿಸಿ. ನಮ್ಮಲ್ಲಿ ಲೈಟ್ ಮೂರು ಸಲ ಮಿಣುಕಿದರೂ ಕಂಪ್ಯೂಟರ್ ನಿಂತಿತು. ಆ ಎಸ್‌ಎಂಪಿಎಸ್ 100ರಿಂದ 240 ವೋಲ್ಟ್‌ವರೆಗೆ ತಡೆಯುವಂಥದ್ದು, ಇಷ್ಟು ಸಣ್ಣ ಇಳಿತ ಅದಕ್ಕೆ ಲೆಕ್ಕಕ್ಕಿಲ್ಲ.

ಮಾರನೇ ದಿನ ಹುಡುಗ ಪೇಟೆಗೆ ಹೋಗಿ ಬ್ಯಾಟರಿ ತಂದ. ಹಾಕುವಾಗ ಕೆಂಪು, ಕಪ್ಪು ವೈರ್ ಅದಲು ಬದಲು ಮಾಡಬೇಡ ಅಂತ ಮೂರು ಸಲ ಹೇಳಿದೆ. ಸಂಜೆ ಏಳೂವರೆಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮೇಜಿನ ಕೆಳಗೆ ಹಿಡಿದ. ಟ್ಯೂಬ್‌ಲೈಟ್ ಮಿಣುಕಿತು, ಯುಪಿಎಸ್ 'ಟಿಕ್' ಅಂದಿತು. ಮೇಲೆ ಪರದೆಯಲ್ಲಿ ಅವನ ಕಾರು ತಿರುವಿನಲ್ಲಿ ಮರಕ್ಕೆ ಗುದ್ದಿತು, ಯಾಕೆಂದರೆ ಅವನು ಯುಪಿಎಸ್ ನೋಡುತ್ತಿದ್ದ.